ಚೂರು ರೊಟ್ಟಿಯಿಂದ ಸಿಕ್ಕ ಮೂರು ದಿನ

ನಾನು ನೀರು ಕುಡಿಯುವುದನ್ನು ಪಕ್ಕದ ಮನೆಯ ನೀಲಮ್ಮ ಅಂದು ಗಮನಿಸದೇ ಇದ್ದಿದ್ದರೆ ಈ ಕಾಯಿಲೆ ನನ್ನೊಳಗೆ ಇನ್ನೂ ಎಷ್ಟು ಕಾಲ ಸದ್ದಿಲ್ಲದೆ ಇರುತ್ತಿತ್ತೋ ತಿಳಿಯದು. ಬೇಸಿಗೆಯ ಮಧ್ಯಾಹ್ನ. ಅವಳು ಬ್ಲೌಸು ಹೊಲಿಯಲು ಕೊಡಲು ಬಂದಿದ್ದಳು. ನಾನು ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, ತಲೆ ಹಿಂದಕ್ಕೆ ಮಾಡಿ, ತಂಬಿಗೆಯಿಂದ ನೀರು ಎತ್ತಿ ಕುಡಿಯುತ್ತಿದ್ದೆ. ನೀಲಮ್ಮ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸುವುದು ಅಪರೂಪ. ಆದ್ದರಿಂದ ತಂಬಿಗೆ ಇಳಿಸಿ ನೋಡಿದೆ.

“ಸುಗುಣಕ್ಕ, ಇನ್ನೊಂದ್ ಗುಟುಕು ಕುಡೀರಿ,” ಅಂದಳು. ಕುಡಿದೆ. “ನಿಮ್ಮ ಗಂಟಲದಾಗ ಏನೋ ಗೋಲಿ ಹಂಗ ಮ್ಯಾಲೆ ಹೋಗಿ ಕೆಳಗ ಬರಾಕತ್ತೈತಿ.”

ಕನ್ನಡಿ ಹಿಡಿದು ನೋಡಿಕೊಂಡೆ. ನಿಜವಾಗಿಯೂ ಇತ್ತು. ನೋವಿರಲಿಲ್ಲ. ಸಂಜೆ ನನ್ನ ಗಂಡ ಜಯರಾಜ್ ಸಂಡೂರು ರಸ್ತೆಯ ಲಾರಿ ವರ್ಕ್‌ಶಾಪಿನಿಂದ ಬಂದು, ಕೈಯ ಗ್ರೀಸು ತೊಳೆದುಕೊಂಡು, ಎರಡು ಬೆರಳಿನಿಂದ ಮುಟ್ಟಿ ನೋಡಿದರು. ನುಂಗು ಅಂದರು, ನುಂಗಿದೆ. ಆಮೇಲೆ ತಮ್ಮ ಗಂಟಲನ್ನೂ ಮುಟ್ಟಿಕೊಂಡು ತಾವೂ ಒಮ್ಮೆ ನುಂಗಿದರು. ಅವರ ಮುಖ ನೋಡಿ ನನಗೆ ನಗು ಬಂತು. ಆ ಇಡೀ ತಿಂಗಳಲ್ಲಿ ನಾನು ನಿರಾಳವಾಗಿ ನಕ್ಕದ್ದು ಅದೇ ಕೊನೆ.

ನಾವು ಹೊಸಪೇಟೆಯ ಚಿತ್ತವಾಡ್ಗಿಯವರು. ನಮ್ಮ ಓಣಿಯ ಕೊನೆಗೆ ಇರುವ ಸಣ್ಣ ಕ್ರೈಸ್ತ ಸಭೆಗೆ ಮೂರು ತಲೆಮಾರಿನಿಂದ ಹೋಗುತ್ತಿದ್ದೇವೆ. ಅಲ್ಲಿ ಗುಣವಾದವರು ಎದ್ದು ನಿಂತು ಸಾಕ್ಷಿ ಹೇಳುವುದು ರೂಢಿ. ನನ್ನ ದನಿ ಈಗ ಅಷ್ಟು ದೂರ ಹೋಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಪ್ರಾರ್ಥಿಸಿದ ಕೂಡಲೇ ಭಯ ಹೋಯಿತು ಅನ್ನುತ್ತಾರೆ. ನನಗೆ ಹಾಗೆ ಆಗಲಿಲ್ಲ. ಆದದ್ದನ್ನು ಆದ ಹಾಗೆಯೇ ಹೇಳಬೇಕೆಂದು ಕೂತಿದ್ದೇನೆ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಗಂಟಿನಿಂದ ಒಂದಿಷ್ಟು ತೆಗೆದು ಪರೀಕ್ಷೆಗೆ ಬಳ್ಳಾರಿಗೆ ಕಳಿಸಿದರು. ಉತ್ತರ ಬರುವವರೆಗಿನ ದಿನಗಳಲ್ಲಿ ನಾನು ಹೊಲಿದ ಬ್ಲೌಸುಗಳಲ್ಲಿ ಎರಡಕ್ಕೆ ಎಡತೋಳು ಬಲಕ್ಕೆ ಕೂತಿತ್ತು. ನೀಲಮ್ಮ ಅದನ್ನೇ ತೊಟ್ಟುಕೊಂಡು ಬಂದು, ಚೆನ್ನಾಗೇ ಇದೆ, ಕೈ ಎತ್ತಿದಾಗ ಮಾತ್ರ ಉಸಿರು ಕಟ್ಟುತ್ತದೆ ಅಂದಳು.

ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಉತ್ತರ ಬಂತು. ಡಾಕ್ಟರು ನಿಧಾನವಾಗಿ ಹೇಳಿದರು: ಕ್ಯಾನ್ಸರುಗಳಲ್ಲಿ ಇದು ಒಳ್ಳೆಯದು, ಆಪರೇಷನ್ ಮಾಡಿದರೆ ಬಹಳ ಜನ ಗುಣವಾಗುತ್ತಾರೆ. ನಾನು ಒಳ್ಳೆಯದು ಎಂಬ ಮಾತಿನವರೆಗೆ ಹೋಗಲಾರದೆ ಕ್ಯಾನ್ಸರ್ ಎಂಬ ಮಾತಿನಲ್ಲೇ ನಿಂತಿದ್ದೆ. ಅವರು ಇನ್ನೊಂದು ವಿಷಯ ಹೇಳಿದರು. ದನಿಯ ನರ ಆ ಗ್ರಂಥಿಗೆ ಅಂಟಿಕೊಂಡ ಹಾಗೆ ಹಾದು ಹೋಗುತ್ತದೆ, ಎಷ್ಟು ಜೋಪಾನ ಮಾಡಿದರೂ ಕೆಲವರಿಗೆ ದನಿ ಬದಲಾಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಬರುವುದಿಲ್ಲ, ಅಪರೂಪಕ್ಕೆ ಬರುವುದೇ ಇಲ್ಲ.

ಜೀವಕ್ಕಿಂತ ದನಿಗೆ ಹೆದರಿದೆ ಎಂದರೆ ಓದುವವರು ನಂಬಲಿಕ್ಕಿಲ್ಲ. ಆದರೆ ಅದೇ ನಿಜ. ಸಾವು ನನ್ನ ಕಲ್ಪನೆಗೆ ಸಿಗುತ್ತಿರಲಿಲ್ಲ, ದನಿಯಿಲ್ಲದ ನಾಳೆ ಚೆನ್ನಾಗಿ ಸಿಗುತ್ತಿತ್ತು. ಭಾನುವಾರದ ಆರಾಧನೆಯಲ್ಲಿ ಸತ್ಯವೇದದ ಪಾಠ ಓದುವವಳು ನಾನು. ಮದುವೆಯಾಗಿ ಬಂದ ವರ್ಷದಿಂದ ಓದುತ್ತಿದ್ದೇನೆ. ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಗೂ ನಾನೇ ಓದಬೇಕು, ಏಕೆಂದರೆ ನನ್ನ ಅತ್ತೆ ಮಾರ್ತಮ್ಮನಿಗೆ ಅಕ್ಷರ ಬರುವುದಿಲ್ಲ. ಓದಿದ್ದನ್ನು ಕೇಳಿ ಕೇಳಿ ಅರ್ಧ ಸತ್ಯವೇದ ಅವರ ಬಾಯಲ್ಲಿದೆ, ಸ್ವಲ್ಪ ಕಲಸಿಕೊಂಡು ಇದೆ. ಸುದ್ದಿ ಕೇಳಿದ ದಿನ ಅತ್ತೆ ಅಳಲಿಲ್ಲ. ಬೇಳೆ ಆರಿಸುತ್ತಿದ್ದವರು ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು.

“ಹಂಗಾರ ನಂಗ ಓದಾರು ಯಾರು?”

ಆ ಮಾತು ನನಗೆ ಚುಚ್ಚಿತು. ನಾನು ಬದುಕುತ್ತೇನೋ ಇಲ್ಲವೋ ಅನ್ನುವುದಕ್ಕಿಂತ ಓದುವವರು ಯಾರು ಎಂಬ ಚಿಂತೆ ಇವರಿಗೆ ಎಂದುಕೊಂಡೆ. ಆಮೇಲೆ ಹೊಳೆಯಿತು, ನನ್ನ ಚಿಂತೆಯೂ ಅದೇ ಇತ್ತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಪ್ರಾರ್ಥನೆ ಮಾಡಬೇಕೆಂದು ಕೂರುತ್ತಿದ್ದೆ. ಸಭೆಯಲ್ಲಿ ಪುಟಗಟ್ಟಲೆ ಪ್ರಾರ್ಥಿಸುವ ನನಗೆ ಅಲ್ಲಿ ‘ಕರ್ತನೇ’ ಎಂಬುದರಾಚೆ ಒಂದು ಪದ ಸಿಗಲಿಲ್ಲ. ಟಿ.ವಿ.ಯಲ್ಲಿ ಯಾವುದೋ ಧಾರಾವಾಹಿ, ಮರಿಯಮ್ಮನಹಳ್ಳಿಯಿಂದ ಬಂದವರ ಊಟದ ಡಬ್ಬಿಯ ವಾಸನೆ, ಟೋಕನ್ ಕೂಗುವ ನರ್ಸು. ಕರ್ತನೇ ಅನ್ನುವುದು, ನಿಲ್ಲುವುದು, ಮತ್ತೆ ಕರ್ತನೇ ಅನ್ನುವುದು. ಪಕ್ಕದಲ್ಲಿ ಕಂಪ್ಲಿಯ ಒಬ್ಬ ಹೆಂಗಸು ಕೂತಿದ್ದಳು, ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದಳು. ನಾನು ಕದ್ದು ನೋಡುತ್ತಿರುವುದು ಅವಳಿಗೆ ತಿಳಿಯಿತು. ಸೆರಗು ಸರಿಸಿ ತೋರಿಸಿದಳು. ಕತ್ತಿನ ಬುಡದಲ್ಲಿ ಅಡ್ಡಕ್ಕೆ ಒಂದು ಗೆರೆ.

“ನೋಡ್ರಿ, ಸರ ಹಾಕ್ಕೊಂಡ್ರ ಮುಚ್ಚತೈತಿ. ಭಾಳ ಹೆದರಬ್ಯಾಡ್ರಿ,” ಅಂದಳು. ಅವಳ ದನಿ ದಪ್ಪಗಿತ್ತು, ಆದರೆ ಇತ್ತು. ಅವಳ ಟೋಕನ್ ಕೂಗಿದರು, ಎದ್ದು ಹೋದಳು. ಹೆಸರು ಕೇಳಲೇ ಇಲ್ಲ. ಅವಳಿಗೆ ನಾನು ಇಂದಿಗೂ ಋಣಿ.

ಆಪರೇಷನ್ ಮಾಡುವ ಸರ್ಜನ್ ಬಳ್ಳಾರಿಯಿಂದ ಬರುವವರು, ಸೋಮವಾರ ಮತ್ತು ಗುರುವಾರ ಮಾತ್ರ. ನನಗೆ ಗುರುವಾರ ಗೊತ್ತಾಯಿತು. ಸಭೆಯ ಹೆಂಗಸರು ಆ ದಿನಕ್ಕೆ ಉಪವಾಸ ಪ್ರಾರ್ಥನೆ ಇಟ್ಟುಕೊಂಡರು. ಅದಕ್ಕೆ ಅತ್ತೆಯೇ ಮುಂದಾಳು. ಬುಧವಾರ ರಾತ್ರಿಯ ಊಟದ ನಂತರ ನೀರು ಕೂಡ ಕುಡಿಯಬಾರದೆಂದು ನರ್ಸು ಎರಡು ಸಲ ಹೇಳಿ ಹೋಗಿದ್ದಳು. ನಾನು ಕುಡಿದಿರಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು.

ಗುರುವಾರ ಬೆಳಿಗ್ಗೆ ಪಾಸ್ಟರ್ ಅಯ್ಯನವರು ವಾರ್ಡಿಗೆ ಬಂದರು. ಆಪರೇಷನ್ನಿಗೆ ಹೋಗುವವರಿಗೆ ಹಾಸಿಗೆಯ ಬಳಿಗೇ ಹೋಗಿ ಕರ್ತನ ಭೋಜನದ ಸಂಸ್ಕಾರ ಕೊಡುವುದು ನಮ್ಮಲ್ಲಿ ಉಂಟು. ಸಣ್ಣ ಪೆಟ್ಟಿಗೆ ತೆರೆದು, ಬಿಳಿ ಬಟ್ಟೆ ಹಾಸಿ, ಅವರ ಹೆಂಡತಿ ಗೋಧಿ ಹಿಟ್ಟಿನಲ್ಲಿ ಮಾಡಿದ ರೊಟ್ಟಿಯಿಂದ ಒಂದು ಚೂರು ಮುರಿದು ನನ್ನ ಅಂಗೈಯಲ್ಲಿಟ್ಟರು. ಬಟ್ಟಲಿನಿಂದ ಒಂದು ಗುಟುಕು ದ್ರಾಕ್ಷಿ ರಸ. ನಾನು ಕಣ್ಣು ಮುಚ್ಚಿಕೊಂಡು ತೆಗೆದುಕೊಂಡೆ. ಜಯರಾಜ್ ಪಕ್ಕದಲ್ಲಿ ನಿಂತಿದ್ದರು. ನಾವು ಮೂವರೂ ವರ್ಷಗಟ್ಟಲೆ ಆ ರೊಟ್ಟಿಯನ್ನು ತೆಗೆದುಕೊಂಡವರು. ಅದನ್ನು ತಿನ್ನುವುದು ಎಂದು ನಾವು ಯಾರೂ ಎಂದೂ ಎಣಿಸಿದವರಲ್ಲ. ಆದ್ದರಿಂದ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹಸಿರು ನಿಲುವಂಗಿ ತೊಡಿಸಿ ನನ್ನನ್ನು ಒಳಗೆ ತಳ್ಳಿಕೊಂಡು ಹೋದರು. ಅರಿವಳಿಕೆ ಕೊಡುವ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ ಎಂದು ಕೇಳಿದರು. ಇಲ್ಲ ಅಂದೆ. ನೀರು? ಇಲ್ಲ. ಅವರು ಸರಿ ಎಂದು ತಿರುಗಿದರು. ಆಗ ನನ್ನ ನಾಲಿಗೆಯ ಮೇಲೆ ದ್ರಾಕ್ಷಿಯ ಸಿಹಿ ಇನ್ನೂ ಇರುವುದು ತಿಳಿಯಿತು. ಹೇಳಲೋ ಬೇಡವೋ ಅಂತ ಒಂದು ಕ್ಷಣ ಅನ್ನಿಸಿತು. ಹೇಳಿದರೆ ಪಾಸ್ಟರ್ ಅಯ್ಯನವರಿಗೆ ಬೈಗುಳ ತಪ್ಪಿದ್ದಲ್ಲ.

“ಡಾಕ್ಟ್ರೇ, ತಿಂದಿಲ್ರಿ. ಆದ್ರ ನಮ್ಮ ಪಾಸ್ಟರ್ ಬಂದು ಪ್ರಸಾದ ಕೊಟ್ಟಂಗ ಒಂದು ಚೂರು ರೊಟ್ಟಿ ಕೊಟ್ರು. ತಗೊಂಡೆ.”

“ಎಷ್ಟು?”

ಕಿರುಬೆರಳಿನ ಉಗುರು ತೋರಿಸಿದೆ. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಸರ್ಜನ್ ಬಂದರು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಕೊನೆಗೆ ಆ ಹೆಂಗಸು ನನ್ನ ಭುಜ ಮುಟ್ಟಿ ಹೇಳಿದರು: ಹೇಳಿದ್ದು ಒಳ್ಳೆಯದಾಯಿತು, ಹೊಟ್ಟೆಯಲ್ಲಿ ಏನೇ ಇದ್ದರೂ ಅರಿವಳಿಕೆಯಲ್ಲಿ ಅದು ಶ್ವಾಸಕ್ಕೆ ಹೋಗುವ ಅಪಾಯವಿದೆ, ನಿಮ್ಮ ಆಪರೇಷನ್ ಅವಸರದ್ದಲ್ಲ, ಇವತ್ತಿನ ಪಟ್ಟಿಯೂ ತುಂಬಿದೆ, ಸೋಮವಾರ ಮಾಡೋಣ. ಮನೆಗೆ ಹೋಗಿ.

ತಳ್ಳುಗಾಡಿಯ ಮೇಲೆ ಹೋದವಳು ನಡೆದುಕೊಂಡು ಹೊರಗೆ ಬಂದೆ. ಬಾಗಿಲ ಬಳಿ ಜಯರಾಜ್, ಪಾಸ್ಟರ್ ಇಬ್ಬರೂ ಮೊಣಕಾಲೂರಿ ಪ್ರಾರ್ಥನೆಯಲ್ಲಿದ್ದರು. ಪಾಸ್ಟರ್ ಅಯ್ಯನವರು ಕಣ್ಣು ತೆರೆದು ನನ್ನನ್ನು ನೋಡಿದರು. ಇಷ್ಟು ಬೇಗ ಪ್ರಾರ್ಥನೆಗೆ ಉತ್ತರ ಸಿಕ್ಕಿದ್ದು ಅವರ ಅನುಭವದಲ್ಲೇ ಇರಲಿಕ್ಕಿಲ್ಲ. ವಿಷಯ ತಿಳಿದಾಗ ಅವರ ಮುಖ ಬಿಳುಪಾಯಿತು. ಇಪ್ಪತ್ತು ವರ್ಷದಿಂದ ಹೀಗೇ ಕೊಡುತ್ತ ಬಂದಿದ್ದೇನಲ್ಲ ಎಂದು ಮೆಲ್ಲಗೆ ಅಂದರು. ಅವರಿಗೆ ಸಮಾಧಾನ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮನೆಯಲ್ಲಿ ಬೇರೆಯೇ ರಗಳೆ ಎದ್ದಿತ್ತು. ನಮ್ಮ ಪಡಸಾಲೆಯಲ್ಲಿ ಹೆಂಗಸರು ಬೆಳಗಿನಿಂದ ಹನಿ ನೀರಿಲ್ಲದೆ ಪ್ರಾರ್ಥಿಸುತ್ತ ಕೂತಿದ್ದರು. ಆಪರೇಷನ್ ಆಗಲಿಲ್ಲವೆಂದರೆ ಈ ಉಪವಾಸ ಏನಾಯಿತು? ಒಬ್ಬಾಕೆ ದೇವರು ಇದನ್ನೇ ಸೋಮವಾರಕ್ಕೆ ಹಿಡಿದುಕೊಳ್ಳುತ್ತಾನೆ ಎಂದಳು. ಅತ್ತೆ ಒಪ್ಪಲಿಲ್ಲ.

“ಆಪರೇಷನ್ನೇ ಆಗಿಲ್ಲ, ಉಪಾಸ ಹ್ಯಾಂಗ ಮುಗೀತೈತಿ? ಸೋಮಾರ ಮತ್ತ ಮಾಡೂದೇ. ಈಗ ಉಪ್ಪಿಟ್ಟು ತಿಂದು ಹೋಗ್ರಿ.”

ಕಾಂಪೌಂಡಿನಾಚೆಯಿಂದ ನೀಲಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವರದು ಶಿವಭಕ್ತರ ಮನೆತನ. “ಅಮ್ಮಾರ, ಸೋಮಾರ ಹೆಂಗೂ ನಂದು ಒಪ್ಪತ್ತು ಐತ್ರಿ. ಅದನ್ನೂ ನಿಮ್ಮ ಕಡೀಗೇ ಹಾಕ್ಕೊಳ್ರಿ,” ಅಂದಳು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಆಗಲಿ ಅಂದರು.

ಹೀಗೆ ನನಗೆ ಲೆಕ್ಕದಲ್ಲಿಲ್ಲದ ಮೂರು ದಿನ ಸಿಕ್ಕವು. ಶುಕ್ರವಾರ, ಶನಿವಾರ, ಭಾನುವಾರ. ದನಿ ಇರುವುದು ಖಚಿತವಾಗಿದ್ದ ಕೊನೆಯ ದಿನಗಳು ಅವು. ಶುಕ್ರವಾರ ಸಂಜೆ ಜಯರಾಜ್ ಮೊಬೈಲ್ ಹಿಡಿದು ನನ್ನೆದುರು ಕೂತು, ಸತ್ಯವೇದದ ಕೀರ್ತನೆಗಳನ್ನು ಓದು, ಹಿಡಿದಿಡುತ್ತೇನೆ ಅಂದರು. ಓದಿದೆ. ಒಂದರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಇನ್ನೊಂದರಲ್ಲಿ ಅತ್ತೆ ಯಾರನ್ನೋ ಹಾಲಿನವನು ಬಂದನೇನು ಎಂದು ಕೇಳಿದ್ದು ಸೇರಿಕೊಂಡಿತು. ಭಾನುವಾರ ಸಭೆಯಲ್ಲಿ ಪಾಠ ಓದಿದೆ. ತಪ್ಪಿಲ್ಲದೆ ಓದಿದೆ, ಆದರೆ ಓದಿದ್ದು ಏನು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಉದ್ದಕ್ಕೂ ನನ್ನ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದೆ, ಊರಿಗೆ ಹೊರಟವರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದ ಹಾಗೆ.

ಭಾನುವಾರ ಸಂಜೆ ಅತ್ತೆ ನನ್ನನ್ನು ಕೂರಿಸಿಕೊಂಡು, ದೇವಾಲಯದೊಳಗೆ ಮಾತು ನಿಂತುಹೋದ ಆ ಮುದುಕ ಯಾಜಕನ ಕಥೆ ಓದು ಅಂದರು. ಬೇಕೆಂದೇ ಆರಿಸಿದರೋ, ಹಾಗೇ ನೆನಪಾಯಿತೋ ಗೊತ್ತಿಲ್ಲ. ಓದಿ ಮುಗಿಸಿ, ಅವನಿಗೆ ನಂಬಿಕೆ ಸಾಲದ್ದಕ್ಕೆ ಮಾತು ಹೋಯಿತು, ನನಗೂ ಹಾಗೆ ಆದರೆ ಎಂದು ಕೇಳಿದೆ.

“ನಿಂದು ನಂಬಿಕೆ ಅಲ್ಲ, ಗಂಟು,” ಅಂದರು ಅತ್ತೆ. “ಅದನ್ನ ಡಾಕ್ಟ್ರು ತಗೀತಾರ. ನೀ ಮಲಕ್ಕೋ.”

ನನಗೆ ಇಷ್ಟು ದಿನ ಯಾರ ಪ್ರಾರ್ಥನೆಯೂ ಕೊಡದ ಬಿಡುಗಡೆ ಆ ಒಂದು ಮಾತಿನಿಂದ ಸಿಕ್ಕಿತು. ನಾನು ನಿಜವಾಗಿಯೂ ಮಲಗಿ ನಿದ್ದೆ ಮಾಡಿದೆ.

ಸೋಮವಾರ ಅರಿವಳಿಕೆ ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ, ಏನೂ ತೆಗೆದುಕೊಂಡಿಲ್ಲ, ಪಾಸ್ಟರ್ ಬರಿಗೈಯಲ್ಲಿ ಬಂದಿದ್ದಾರೆ, ಹೊರಗೇ ನಿಂತಿದ್ದಾರೆ. ಅವರು ಮುಖವಾಡದೊಳಗೆ ನಕ್ಕಿದ್ದು ಕಣ್ಣಿನಲ್ಲಿ ಕಾಣಿಸಿತು. ನನಗೆ ನೆನಪಿರುವುದು ಆ ನಗು, ಆಮೇಲೆ ಏನೂ ಇಲ್ಲ.

ಎಚ್ಚರವಾದಾಗ ಬೆರಳ ತುದಿಗಳಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಕ್ಯಾಲ್ಸಿಯಂ ಕಡಿಮೆಯಾದರೆ ಹಾಗಾಗುತ್ತದೆಂದು ಗುಳಿಗೆ ಕೊಟ್ಟರು. ಜಯರಾಜ್ ಬಗ್ಗಿ ನೋಡಿದರು. ನಾನು ಅವರನ್ನು ಕರೆದೆ. ಕರೆದೆ ಎಂದುಕೊಂಡೆ. ಬಂದದ್ದು ಗಾಳಿ ಮಾತ್ರ. ಅವರು ಕೇಳಿಸಿತು ಕೇಳಿಸಿತು ಎಂದು ತಲೆಯಾಡಿಸಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಹೇಳಿದ ಸುಳ್ಳುಗಳಲ್ಲಿ ಅದು ಬಹಳ ಒಳ್ಳೆಯದು.

ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ, ನರ ಕಡಿದಿಲ್ಲ, ದಣಿದಿದೆ, ಕಾಯಬೇಕು ಎಂದರು ಸರ್ಜನ್. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ.

ಮನೆಗೆ ಬಂದ ಸಂಜೆ ಪ್ರಾರ್ಥನೆಯ ಹೊತ್ತಿಗೆ ಜಯರಾಜ್ ಮೊಬೈಲಿನಲ್ಲಿ ನನ್ನ ಓದನ್ನು ಹಾಕಿದರು. ನನ್ನ ಹಳೆಯ ದನಿ ಕೋಣೆ ತುಂಬಿತು. ಕುಕ್ಕರ್ ಸೀಟಿಯೂ ಬಂತು. ಮುಗಿದಾಗ ಅತ್ತೆ ಆಮೆನ್ ಅನ್ನಲಿಲ್ಲ. ಜಯರಾಜ್ ಏಕೆ ಎಂದು ಕೇಳಿದರು.

“ಫೋನಿಗೆ ನಾ ಆಮೆನ್ ಅನ್ನಂಗಿಲ್ಲ. ಮನಷ್ಯಾರು ಓದ್ಲಿ, ಅಂತೀನಿ. ನೀ ಓದು.”

“ಯವ್ವಾ, ನಂಗ ನೆಟ್ಟಗ ಓದಾಕ ಬರಂಗಿಲ್ಲ.”

“ಸೊಟ್ಟಗ ಓದು. ದೇವ್ರಿಗೇನು ತಿಳಿಯಂಗಿಲ್ಲೇನು?”

ಅವರು ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ಸ್ನಾನ ಮಾಡಿದರೂ ಉಗುರಿನಲ್ಲಿ ಉಳಿಯುವ ಕಪ್ಪಿನ ಬೆರಳನ್ನು ಸಾಲಿನ ಕೆಳಗಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಮೊದಲ ಸಂಜೆ ಪುಸ್ತಕ ತೆರೆದಲ್ಲಿ ಸಿಕ್ಕಿದ್ದು ಒಂದು ವಂಶಾವಳಿ. ಹೆಸರುಗಳ ಮೇಲೆ ಹೆಸರು. ಹಳ್ಳದಲ್ಲಿ ಲೋಡ್ ಲಾರಿ ಹೋದಂತೆ ಅವರು ಏಳುತ್ತ ಬೀಳುತ್ತ ಹೋದರು. ಅತ್ತೆ ಪ್ರತಿ ಹೆಸರನ್ನೂ ತಿದ್ದಿದರು, ಅದರಲ್ಲಿ ಅರ್ಧ ಅವರದೂ ತಪ್ಪು. ನನಗೆ ನಗು ತಡೆಯಲಾಗಲಿಲ್ಲ, ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಕತ್ತಿಗೆ ಕೈ ಒತ್ತಿ ಹಿಡಿದುಕೊಂಡು ಸದ್ದಿಲ್ಲದೆ ನಕ್ಕೆ.

ದಿನವೂ ಹೀಗೇ ನಡೆಯಿತು. ನನಗೆ ಮಾಡಲು ಬೇರೇನೂ ಇರಲಿಲ್ಲ, ಕೇಳುವುದೊಂದೇ. ನಾನು ಓದುವಾಗ ಒಂದು ಅಧ್ಯಾಯ ಮುಗಿಯುವ ಹೊತ್ತಿನಲ್ಲಿ ಇವರು ನಾಲ್ಕು ಸಾಲು ದಾಟುತ್ತಿದ್ದರು. ಒಂದು ಪದದಲ್ಲಿ ಸಿಕ್ಕಿಕೊಂಡು, ಹಿಂದಕ್ಕೆ ಹೋಗಿ, ಮತ್ತೆ ಬಂದು, ಅದನ್ನು ದಾಟುವ ತನಕ ನನಗೆ ಆ ಪದದೊಳಗೆ ಕೂತುಕೊಳ್ಳಲು ಜಾಗ ಸಿಗುತ್ತಿತ್ತು. ನೂರು ಸಲ ಗಟ್ಟಿಯಾಗಿ ಓದಿದ್ದ ಕೀರ್ತನೆಯಲ್ಲಿ ಭಯಪಟ್ಟವನೊಬ್ಬ ಇದ್ದಾನೆ ಎಂಬುದು ನನಗೆ ಆಗ ಕಂಡಿತು. ಅವನೂ ನನ್ನ ಹಾಗೆಯೇ ಕರ್ತನೇ ಎಂದು ಕರೆದು ನಿಲ್ಲುತ್ತಾನೆ. ಮುಂದಿನ ಮಾತು ಸಿಗುವವರೆಗೆ ಕಾಯುತ್ತಾನೆ. ಹಾಗಾದರೆ ಆ ಕಾಯುವ ಕೋಣೆಯಲ್ಲಿ ನಾನು ಮಾಡಿದ್ದೂ ಪ್ರಾರ್ಥನೆಯೇ ಇರಬೇಕು. ಸಮಾಧಾನ ಬಂದದ್ದು ಹೀಗೆ, ಜಯರಾಜ್ ತಡವರಿಸಿದ ಜಾಗಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ. ಯಾವ ದಿನ ಬಂತು ಎಂದು ನನಗೆ ಹೇಳಲಾಗದು.

ಭಯ ಹೋಗಿಲ್ಲ. ರಕ್ತ ಪರೀಕ್ಷೆಗೆ ಹೋಗುವ ಹಿಂದಿನ ದಿನ ಈಗಲೂ ಅನ್ನ ಇಳಿಯುವುದಿಲ್ಲ. ಆದರೆ ಇದುವರೆಗಿನ ಪರೀಕ್ಷೆಗಳೆಲ್ಲ ಚೆನ್ನಾಗಿವೆ. ಜೀವನವಿಡೀ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದು ಪುಟ್ಟ ಗುಳಿಗೆ ನುಂಗಬೇಕು, ನುಂಗಿ ಒಂದು ತಾಸು ಚಹಾ ಕುಡಿಯಬಾರದು. ಚಹಾ ಇಲ್ಲದ ಆ ತಾಸು ಮೊದಮೊದಲು ಶಿಕ್ಷೆಯಾಗಿತ್ತು. ಈಗ ಅದು ನನ್ನ ಓದಿನ ಹೊತ್ತು. ಜಗುಲಿಯಲ್ಲಿ ಕೂತು, ತುಟಿ ಅಲುಗಿಸದೆ, ಜಯರಾಜರ ಹಾಗೆ ಬೆರಳಿಟ್ಟು ನಾಲ್ಕೇ ಸಾಲು ಓದುತ್ತೇನೆ. ಹಂಪಿಗೆ ಹೋಗುವ ಮೊದಲ ಬಸ್ಸಿನ ಹಾರ್ನು ಕೇಳುತ್ತದೆ. ನೀಲಮ್ಮ ರಂಗೋಲಿ ಹಾಕುತ್ತ ಇನ್ನೂ ಎಷ್ಟು ಹೊತ್ತು ಎಂದು ಸನ್ನೆಯಲ್ಲಿ ಕೇಳುತ್ತಾಳೆ, ಏಕೆಂದರೆ ನನ್ನ ಚಹಾದಲ್ಲಿ ಅವಳಿಗೂ ಪಾಲಿದೆ.

ದನಿ ಪಿಸುಮಾತಿನಿಂದ ಮೇಲೇಳಲು ಮಳೆಗಾಲ ಕಳೆಯಿತು. ಈಗ ಬಂದಿರುವುದು ಹಳೆಯದಲ್ಲ. ದಪ್ಪಗಿದೆ, ನಡುವೆ ಬಿರುಕು ಬಿಡುತ್ತದೆ, ಒಂದೆರಡು ಗಜದಾಚೆ ಹೋಗುವುದಿಲ್ಲ. ಇದಕ್ಕಿಂತ ಹೆಚ್ಚು ಬರಬಹುದು, ಬಾರದಿರಬಹುದು ಎನ್ನುತ್ತಾರೆ ಡಾಕ್ಟರು. ಸಭೆಯಲ್ಲಿ ಪಾಠ ಓದುವುದನ್ನು ಬೇರೆಯವರಿಗೆ ಕೊಡಿ ಎಂದು ನಾನೇ ಹೇಳಿದ್ದೆ. ಕಳೆದ ತಿಂಗಳು ಪಾಸ್ಟರ್ ಅಯ್ಯನವರು ನನ್ನನ್ನು ಕೇಳದೆ ನನ್ನ ಹೆಸರು ಕೂಗಿಬಿಟ್ಟರು.

ಎದ್ದು ಹೋದೆ. ಮೈಕಿನ ಮುಂದೆ ಬಾಯಿ ತೆರೆದೆ. ಸ್ಪೀಕರಿನಿಂದ ಬಂದದ್ದು ಉಸಿರಿನ ಬುಸುಬುಸು ಮಾತ್ರ. ಎರಡು ಸಾಲು ಓದಿದೆ. ಹಿಂದಿನಿಂದ ಯಾರೋ, “ಕೇಳ್ಸವಲ್ದ್ರಿ,” ಅಂದರು. ಕುಚೋದ್ಯಕ್ಕಲ್ಲ, ನಿಜವಾಗಿ ಕೇಳಿಸುತ್ತಿರಲಿಲ್ಲ. ನಾನು ನಿಲ್ಲಿಸಿದೆ. ನಮ್ಮ ಸಭೆಯಲ್ಲಿ ಎಲ್ಲರೂ ಹಿಂದೆಯೇ ಕೂರುವವರು. ಹೆಂಗಸರು ಹಿಂದಿನ ಜಮಖಾನದ ಮೇಲೆ, ಗಂಡಸರು ಗೋಡೆಗೆ ಒತ್ತಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಬೇಗ ಎದ್ದು ಹೋಗುವವರು ಬಾಗಿಲ ಬಳಿ. ಮುಂದಿನ ಅರ್ಧ ನೆಲ ಖಾಲಿ. ಮುಂದೆ ಬನ್ನಿ ಎಂದು ಪಾಸ್ಟರ್ ಅಯ್ಯನವರು ಪ್ರತಿ ಭಾನುವಾರ ಕರೆಯುತ್ತಾರೆ, ಯಾರೂ ಬರುವುದಿಲ್ಲ.

ಅತ್ತೆ ಕೂತಲ್ಲೇ ಹಿಂದಕ್ಕೆ ತಿರುಗಿದರು.

“ಕೇಳ್ಸದಿದ್ರ ಮುಂದ ಬರ್ರಿ. ಕಾಲು ಅದಾವಲ್ಲ.”

ಒಬ್ಬ ಮುದುಕ ಎದ್ದು ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನೆದುರು ಹಾಕಿಕೊಂಡ. ಆಮೇಲೆ ಇನ್ನೊಬ್ಬರು. ಕುರ್ಚಿಗಳು ನೆಲಕ್ಕೆ ಗೀರುವ ಸದ್ದು, ಜಮಖಾನ ಎಳೆಯುವ ಸದ್ದು, ಬಳೆ, ಮಕ್ಕಳು, ಸರೀರಿ ಸ್ವಲ್ಪ ಎನ್ನುವ ಮಾತು. ಬಾಗಿಲ ಬಳಿಯವರು ಕೂಡ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೊನೆಗೆ ಎಲ್ಲರ ಮೊಣಕಾಲುಗಳೂ ನನ್ನ ಸೀರೆಯ ಅಂಚಿನ ಹತ್ತಿರಕ್ಕೆ ಬಂದಿದ್ದವು. ಪಾಸ್ಟರ್ ಅಯ್ಯನವರು ಖಾಲಿಯಾದ ಹಿಂಭಾಗವನ್ನೇ ನೋಡುತ್ತ ನಿಂತಿದ್ದರು.

ನಾನು ಮೈಕನ್ನು ಪಕ್ಕಕ್ಕೆ ಸರಿಸಿದೆ. ಎಲ್ಲರೂ ಕೂರುವ ತನಕ ಕಾದು, ಮೊದಲ ಸಾಲಿನಿಂದ ಮತ್ತೆ ಓದತೊಡಗಿದೆ.